ಮಾರ್ಮನ್ನರು ಅಂದ್ರೆ ಯೂಟಾದವರಲ್ವಾ, ಮಿಸೌರಿಯಲ್ಲಿ ಏನಿದೆ?

ಊರಿಂದ ಯಾರೇ ಬರಲಿ, ಒಂದು ದಿನ ಇಂಡಿಪೆಂಡೆನ್ಸ್‌ಗೆ ಕರೆದುಕೊಂಡು ಹೋಗುತ್ತೇನೆ. ಅಮೆರಿಕದ ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿಗೆ ಅಂಟಿಕೊಂಡೇ ಇರುವ ಊರು ಅದು. ಅಲ್ಲಿ ರಸ್ತೆ ಪಕ್ಕ ಎರಡೂವರೆ ಎಕರೆಯಷ್ಟು ಜಾಗ ಇದೆ. ಒಂದು ಚಿಕ್ಕ ಚರ್ಚು, ಉಳಿದದ್ದೆಲ್ಲ ಹುಲ್ಲು. ಅಮೆರಿಕದಲ್ಲೇ ಹುಟ್ಟಿದ ಕ್ರೈಸ್ತ ಪಂಥದವರಾದ ಮಾರ್ಮನ್ನರಿಗೆ ಇದು ಬಹಳ ಪವಿತ್ರ ಜಾಗ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಅವರು ಯೂಟಾದವರಲ್ವಾ? ಇಲ್ಲೇನು?"

ಯೂಟಾ ಅವರ ಮೊದಲ ಆಯ್ಕೆ ಆಗಿರಲಿಲ್ಲ. ಇದಾಗಿತ್ತು.

ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮಾರ್ಮನ್ನರ ಚರ್ಚು ಶುರು ಮಾಡಿದ. ಮರುವರ್ಷ ಇಲ್ಲಿಗೆ ಬಂದು, ಚೀಯೋನ್, ಅಂದರೆ ದೇವರ ಜನರ ಪವಿತ್ರ ಪಟ್ಟಣ, ಕಟ್ಟಬೇಕಾದದ್ದು ಇಲ್ಲೇ ಎಂದು ಸಾರಿದ. 1831ರ ಆಗಸ್ಟ್ 3ರಂದು ದೇವಾಲಯಕ್ಕೆ ಜಾಗವನ್ನೂ ಗುರುತಿಸಿದ. ಜನ ಗಾಡಿ ಕಟ್ಟಿಕೊಂಡು ಬರತೊಡಗಿದರು.

ಮೊದಲೇ ಇಲ್ಲಿ ನೆಲೆಸಿದ್ದವರಿಗೆ ಭಯ ಹುಟ್ಟಿತು. ಅದು ಬರೀ ಧರ್ಮದ ಜಗಳ ಅಂತ ಹಲವರು ಅಂದುಕೊಳ್ಳುತ್ತಾರೆ, ಅಲ್ಲ. ಮಿಸೌರಿಯಲ್ಲಿ ಆಗ ಗುಲಾಮಗಿರಿ ಇತ್ತು, ಬಂದವರಲ್ಲಿ ಹೆಚ್ಚಿನವರು ಗುಲಾಮಗಿರಿ ಒಪ್ಪದ ಉತ್ತರದ ಕಡೆಯವರು, ಎಲ್ಲರೂ ಸೇರಿ ಒಂದೇ ಕಡೆಗೆ ಮತ ಹಾಕುತ್ತಿದ್ದರು, ಒಟ್ಟಾಗಿ ಜಮೀನು ಕೊಳ್ಳುತ್ತಿದ್ದರು, ಅದರ ಮೇಲೆ ಈ ನೆಲವನ್ನು ದೇವರು ನಮಗೇ ಕೊಟ್ಟಿದ್ದಾನೆ ಎಂಬ ಮಾತು ಬೇರೆ. ಅವರ ಪತ್ರಿಕೆಯಲ್ಲಿ ಸ್ವತಂತ್ರ ಕಪ್ಪು ಜನರ ಬಗ್ಗೆ ಒಂದು ಬರಹ ಬಂದದ್ದೇ ಸಾಕಾಯಿತು. 1833ರ ಜುಲೈ 20ರಂದು ಗುಂಪೊಂದು ನುಗ್ಗಿ ಅಚ್ಚುಕೂಟವನ್ನು ಕೆಡವಿತು. ಬಿಷಪ್ ಎಡ್ವರ್ಡ್ ಪಾರ್ಟ್ರಿಜ್‌ಗೆ ಟಾರು ಬಳಿದು ಹಕ್ಕಿಪುಕ್ಕ ಅಂಟಿಸಿದರು. ಬೀದಿಗೆ ಎಸೆದ ಅಚ್ಚಿನ ಹಾಳೆಗಳನ್ನು ಇಬ್ಬರು ಅಕ್ಕತಂಗಿಯರು, ಇನ್ನೂ ಹುಡುಗಿಯರು, ಬಾಚಿಕೊಂಡು ಓಡಿ ಜೋಳದ ಹೊಲದಲ್ಲಿ ಅಡಗಿ ಕೂತರು. ಆ ಹಾಳೆಗಳು ಉಳಿದವು.

ನವೆಂಬರ್‌ನಲ್ಲಿ ಎಲ್ಲರನ್ನೂ ಜಿಲ್ಲೆಯಿಂದಲೇ ಹೊರಹಾಕಿದರು. ಸುಮಾರು ಸಾವಿರ ಜನ, ಚಳಿಯಲ್ಲಿ, ಮಿಸೌರಿ ನದಿ ದಡದಲ್ಲಿ. 13ರ ಬೆಳಗಿನ ಜಾವ ಆಕಾಶದ ತುಂಬ ಉಲ್ಕೆಗಳು ಉದುರಿದವು. ಆ ವರ್ಷದ ಉಲ್ಕಾಪಾತ ಅಮೆರಿಕದ ತುಂಬ ಕಂಡಿತ್ತು. ಮನೆ ಕಳೆದುಕೊಂಡು ಬಯಲಲ್ಲಿ ಮಲಗಿದ್ದವರಿಗೆ ಅದು ದೇವರ ಸೂಚನೆಯಾಗಿ ಕಂಡಿತು. ನದಿಯ ಹತ್ತಿರ ಹೋದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಆಮೇಲೆ ಅವರಿಗೆಂದೇ ಉತ್ತರದಲ್ಲಿ ಕಾಲ್ಡ್‌ವೆಲ್ ಅನ್ನುವ ಜಿಲ್ಲೆ ಮಾಡಿಕೊಟ್ಟರು. ಅದೂ ಎರಡು ವರ್ಷ ಬಾಳಲಿಲ್ಲ. 1838ರಲ್ಲಿ ಚುನಾವಣೆಯ ದಿನ ಶುರುವಾದ ಹೊಡೆದಾಟ ಸಣ್ಣ ಯುದ್ಧವೇ ಆಯಿತು. ಇಲ್ಲಿ ಒಂದು ಮಾತು ಹೇಳಲೇಬೇಕು. ಮಾರ್ಮನ್ನರ ಕಡೆಯವರೂ ಗ್ಯಾಲಟಿನ್ ಊರಿಗೆ ನುಗ್ಗಿ ಲೂಟಿ ಮಾಡಿ ಬೆಂಕಿ ಇಟ್ಟರು. ಆದರೆ ಅದಕ್ಕೆ ಸರ್ಕಾರ ಕೊಟ್ಟ ಉತ್ತರ ಘೋರ. ಅಕ್ಟೋಬರ್ 27ರಂದು ಗವರ್ನರ್ ಲಿಲ್ಬರ್ನ್ ಬಾಗ್ಸ್ ಆದೇಶ ಹೊರಡಿಸಿದ: ಮಾರ್ಮನ್ನರನ್ನು ಶತ್ರುಗಳೆಂದೇ ಕಾಣಬೇಕು, ನಿರ್ನಾಮ ಮಾಡಬೇಕು ಇಲ್ಲವೇ ರಾಜ್ಯದಿಂದ ಓಡಿಸಬೇಕು. ಮೂರನೇ ದಿನ ಹಾನ್ಸ್ ಮಿಲ್ ಎಂಬಲ್ಲಿ 17 ಜನರ ಕೊಲೆಯಾಯಿತು. ಕಮ್ಮಾರನ ಕುಲುಮೆಯೊಳಗೆ ಅಡಗಿದ್ದ ಹತ್ತು ವರ್ಷದ ಹುಡುಗನನ್ನೂ ಬಿಡಲಿಲ್ಲ.

ಸ್ಮಿತ್‌ನನ್ನು ಗುಂಡಿಟ್ಟು ಕೊಲ್ಲಲು ಅಲೆಕ್ಸಾಂಡರ್ ಡಾನಿಫನ್ ಎಂಬ ಸೇನಾಧಿಕಾರಿಗೆ ಆಜ್ಞೆ ಬಂತು. ಇದು ಕೊಲೆ, ನಾನು ಮಾಡುವುದಿಲ್ಲ ಎಂದು ಅವನು ನೇರವಾಗಿ ಹೇಳಿದ. ಈ ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವ ಮನುಷ್ಯ ಅವನೇ. ಸ್ಮಿತ್ ಲಿಬರ್ಟಿ ಊರಿನ ಜೈಲಿನಲ್ಲಿ ಒಂದು ಚಳಿಗಾಲ ಕಳೆದ, ಅವನ ಜನ ಇಲಿನಾಯ್‌ಗೆ ದಾಟಿದರು. 1844ರಲ್ಲಿ ಅಲ್ಲಿಯೂ ಅವನನ್ನು ಜೈಲಿನಲ್ಲೇ ಗುಂಪೊಂದು ಕೊಂದಿತು. ಆ ಮೇಲೆಯೇ ಮುಖಂಡನಾದ ಬ್ರಿಗಂ ಯಂಗ್ ಬಹುಪಾಲು ಜನರನ್ನು ಕರೆದುಕೊಂಡು 1847ರಲ್ಲಿ ಯೂಟಾ ಮುಟ್ಟಿದ್ದು.

ಬಾಗ್ಸ್‌ನ ಆದೇಶವನ್ನು ಹಿಂದಕ್ಕೆ ಪಡೆದದ್ದು ಯಾವಾಗ ಗೊತ್ತಾ? 1976ರಲ್ಲಿ. ಗವರ್ನರ್ ಕ್ರಿಸ್ಟೋಫರ್ ಬಾಂಡ್ ಮಿಸೌರಿಯ ಪರವಾಗಿ ವಿಷಾದವನ್ನೂ ಹೇಳಿದರು. ಅಲ್ಲಿಯವರೆಗೆ 137 ವರ್ಷ ಆ ಹಾಳೆಯನ್ನು ಯಾರೂ ರದ್ದು ಮಾಡಿರಲಿಲ್ಲ.

ಎರಡನೇ ಪ್ರಶ್ನೆಯೂ ತಪ್ಪದೆ ಬರುತ್ತದೆ, ಅವರು ನಾಲ್ಕಾರು ಮದುವೆ ಆಗ್ತಾರಂತಲ್ವಾ ಅಂತ. ಯೂಟಾದ ಚರ್ಚು ಅದನ್ನು ನಿಲ್ಲಿಸುವುದಾಗಿ 1890ರಲ್ಲೇ ಸಾರಿತು. ಇಂಡಿಪೆಂಡೆನ್ಸ್‌ನಲ್ಲಿ ಮುಖ್ಯ ಕಚೇರಿ ಇರುವುದು ಬೇರೆಯದೇ ಚರ್ಚಿನದು. ಯಂಗ್ ಹಿಂದೆ ಹೋಗದೆ ಉಳಿದವರು 1860ರಲ್ಲಿ ಸ್ಮಿತ್‌ನ ಮಗನನ್ನು ಮುಖಂಡನಾಗಿ ಮಾಡಿಕೊಂಡರು, ಬಹುಪತ್ನಿತ್ವವನ್ನು ಒಪ್ಪಲೇ ಇಲ್ಲ. ಈಗ ಅವರ ಹೆಸರು ಕಮ್ಯುನಿಟಿ ಆಫ್ ಕ್ರೈಸ್ಟ್. ಶಂಖದ ಹಾಗೆ ಸುರುಳಿಯಾಗಿ ಮೇಲೇರುವ ಅವರ ದೇವಾಲಯ ಹುಲ್ಲಿನ ಜಾಗದ ಎದುರೇ ಇದೆ. ಯೂಟಾದವರ ಸಂದರ್ಶಕರ ಕೇಂದ್ರವೂ ಅಲ್ಲೇ, ನಡೆದೇ ಹೋಗಬಹುದು. ಬೆಂಗಳೂರಿನಲ್ಲಿ ದೇವಾಲಯ ಕಟ್ಟುವುದಾಗಿ 2018ರಲ್ಲಿ ಹೇಳಿದ್ದೂ ಈ ಯೂಟಾದವರೇ.

ಆದರೆ ಸ್ಮಿತ್ ಗುರುತಿಸಿದ ಜಾಗ ಈ ಎರಡೂ ಚರ್ಚುಗಳದ್ದಲ್ಲ. ಟೆಂಪಲ್ ಲಾಟ್ ಅಂತಲೇ ಕರೆಯುವ ಮೂರನೆಯ, ತೀರ ಸಣ್ಣ ಗುಂಪಿನದು. 1867ರಲ್ಲಿ ಅವರು ಇಲ್ಲಿಗೆ ಮರಳಿ ಬಂದು ತುಂಡು ತುಂಡಾಗಿ ಕೊಂಡುಕೊಂಡರು. ಹೋದ ವರ್ಷ ನಮ್ಮತ್ತೆ ಹುಲ್ಲಿನ ಮೇಲೆ ನಿಂತು, "ಹಾಗಾದ್ರೆ ಇವರಾದ್ರೂ ಯಾಕೆ ಕಟ್ಟಲಿಲ್ಲ?" ಅಂದರು. ಕಟ್ಟಲು ಹೊರಟಿದ್ದರು ಅತ್ತೆ, ಅಂದೆ. 1929ರಲ್ಲಿ ಪಾಯ ಅಗೆಯುವಾಗ ಹಳೆಯ ಗುರುತಿನ ಕಲ್ಲುಗಳೂ ಸಿಕ್ಕವು. ಅಷ್ಟರಲ್ಲಿ ದೇಶವೇ ಆರ್ಥಿಕವಾಗಿ ಕುಸಿಯಿತು, ದುಡ್ಡು ಸಾಲದೆ ಕೆಲಸ ನಿಂತಿತು. ಕೊನೆಗೆ ಗುಂಡಿ ಮುಚ್ಚಿ ಹುಲ್ಲು ಬೆಳೆಸಿದರು. ಅತ್ತೆ ಕಾಲ ಕೆಳಗೆ ನೋಡಿಕೊಂಡು, ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಇಟ್ಟರು.