ಹುಣಸೆಬೀಜದ ಲೆಕ್ಕ

ಪಿಯುಸಿ ಕಾಮರ್ಸ್ ಮಕ್ಕಳಿಗೆ ಹದಿನಾಲ್ಕು ವರ್ಷದಿಂದ ಬಿಸಿನೆಸ್ ಸ್ಟಡೀಸ್ ಹೇಳಿಕೊಡುತ್ತಿದ್ದೇನೆ. ವಿಮೆಯ ಪಾಠ ಬಂತೆಂದರೆ ನನಗೆ ಆರಾಮ. ತತ್ವಗಳನ್ನು ಬೋರ್ಡಿನ ಮೇಲೆ ಬರೆದು, ಒಂದೊಂದಕ್ಕೆ ಎರಡು ಸಾಲು ನೋಟ್ಸ್ ಕೊಟ್ಟರೆ ಮೂರು ಪೀರಿಯಡ್‌ಗೆ ಮುಗಿದುಹೋಗುತ್ತಿತ್ತು. ಮಕ್ಕಳು ಅದನ್ನೇ ಬರೆದು ಮಾರ್ಕ್ಸ್ ತೆಗೆಯುತ್ತಿದ್ದರು. ಆ ಆರಾಮ ಕೆಡಿಸಿದವಳು ಎರಡನೇ ಬೆಂಚಿನ ಹುಡುಗಿ.

ನಷ್ಟಭರ್ತಿ ತತ್ವ ನಡೆಯುತ್ತಿತ್ತು. "ಎಷ್ಟು ನಷ್ಟವೋ ಅಷ್ಟು ಸಿಗುತ್ತೆ. ಒಂದು ರೂಪಾಯಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ" ಅಂದೆ. ಅವಳು ಎದ್ದು ನಿಂತಳು.

"ಇಲ್ಲ ಮ್ಯಾಮ್, ನಮ್ಮಪ್ಪನಿಗೆ ಕಡಿಮೆ ಕೊಟ್ರು."

ಚಿಕ್ಕಪೇಟೆಯ ಓಣಿಯೊಂದರಲ್ಲಿ ಅವರದು ಟವೆಲ್, ಬೆಡ್‌ಶೀಟ್ ಅಂಗಡಿ. ಶಾರ್ಟ್ ಸರ್ಕ್ಯೂಟ್ ಆಗಿ ಅಟ್ಟದ ಮೇಲಿದ್ದ ಮಾಲು ಸುಟ್ಟಿತ್ತು. ಸುಟ್ಟದ್ದು 5 ಲಕ್ಷದ್ದು, ಪಾಲಿಸಿ ಇದ್ದದ್ದು 12 ಲಕ್ಷಕ್ಕೆ, ಕೈಗೆ ಬಂದದ್ದು 3 ಲಕ್ಷ. ನಾನು ಹಿಂದೆಮುಂದೆ ನೋಡದೆ, ಇಡೀ ಕ್ಲಾಸಿನ ಎದುರು, "ಹಾಗೆಲ್ಲ ಕಟ್ ಮಾಡೋಕೆ ಬರಲ್ಲ. ಜೆ.ಪಿ. ನಗರದಲ್ಲಿ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಆಫೀಸ್ ಇದೆ, ದೂರು ಕೊಡೋಕೆ ಹೇಳು" ಅಂದುಬಿಟ್ಟೆ.

ಮಾರನೇ ದಿನ ಅವಳ ತಂದೆ ಪಾಲಿಸಿ, ಸರ್ವೇಯರ್ ರಿಪೋರ್ಟ್ ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಸ್ಟಾಫ್ ರೂಮಿಗೇ ಬಂದರು. "ಮೇಡಂ, ನೀವು ಹೇಳಿದ್ರಂತೆ. ಅರ್ಜಿ ನೀವೇ ಬರೆದುಕೊಡಿ." ಕಾಗದ ಬಿಡಿಸಿ ಓದಿದೆ. ಬೆಂಕಿ ಬಿದ್ದ ದಿನ ಅಂಗಡಿಯಲ್ಲಿದ್ದ ಒಟ್ಟು ಮಾಲು 20 ಲಕ್ಷದ್ದು ಎಂದಿತ್ತು. ಮತ್ತೆ 12 ಲಕ್ಷ ಯಾಕೆ? ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಲಿಮಿಟ್ ಅಷ್ಟಿತ್ತು. ಸಾಲಕ್ಕೆ ಬೇಕಾದಷ್ಟಕ್ಕೆ ಪಾಲಿಸಿ ಮಾಡಿಸಿ ಎಲ್ಲರೂ ಕೈತೊಳೆದುಕೊಂಡಿದ್ದರು. 20ರಲ್ಲಿ 12 ಅಂದರೆ ಐದರಲ್ಲಿ ಮೂರು ಪಾಲು. ನಷ್ಟದಲ್ಲೂ ಅಷ್ಟೇ ಪಾಲು. ಇದೇ ಅವರೇಜ್ ಕ್ಲಾಸ್ (clause), ಅಂದರೆ ಸರಾಸರಿ ಷರತ್ತು. ಬಿ.ಕಾಂ.ನಲ್ಲಿ ಈ ಲೆಕ್ಕ ಮಾಡಿಯೇ ನಾನು ಪಾಸಾದದ್ದು! ಸಣ್ಣ ವ್ಯಾಪಾರಿಗಳಿಗೆಂದು 2021ರ ಏಪ್ರಿಲ್‌ನಿಂದ ಇರುವ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಯನ್ನು ಮನ್ನಿಸುತ್ತಾರೆ. ಇಲ್ಲಿದ್ದ ಕೊರತೆ ಶೇ. 40.

ಅರ್ಜಿ ಬರೆಯಲಿಲ್ಲ. ಕಾಫಿ ತರಿಸಿ, ತಪ್ಪು ನನ್ನದೇ ಅಂದೆ. "ಪ್ರೀಮಿಯಂ ಕಟ್ಟಿಸಿಕೊಳ್ಳೋವಾಗ ಇದನ್ನ ಯಾರೂ ಹೇಳ್ಲಿಲ್ಲ ಮೇಡಂ" ಅಂದವರು ಕವರ್ ಮಡಚಿಕೊಂಡು ಹೊರಟರು.

ಮಗಳಿಗೆ ಲೆಕ್ಕ ಅರ್ಥವಾಯಿತು, ನ್ಯಾಯ ಅರ್ಥವಾಗಲಿಲ್ಲ. "12 ಲಕ್ಷಕ್ಕೆ ದುಡ್ಡು ಕಟ್ಟಿದ್ದೀವಲ್ಲ ಮ್ಯಾಮ್, ಕೇಳಿದ್ದು ಐದೇ ಅಲ್ವಾ?" ಸೂತ್ರ ಬರೆದು ಬಾಯಿ ಮುಚ್ಚಿಸಬಹುದಿತ್ತು, ಹದಿನಾಲ್ಕು ವರ್ಷ ಮಾಡಿದ್ದೂ ಅದನ್ನೇ. ಅವತ್ತು ಮನೆಯಲ್ಲಿ ಅತ್ತೆ ಹೊಸ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. 200 ಬೀಜ ಎಣಿಸಿ ಸ್ಟೀಲ್ ಡಬ್ಬಿಗೆ ತುಂಬಿಕೊಂಡೆ.

ಮರುದಿನ ಕ್ಲಾಸಿನಲ್ಲಿ ನಲವತ್ತು ಜನಕ್ಕೆ ನಲವತ್ತು ಅಂಗಡಿ, ಒಂದೊಂದರಲ್ಲೂ 20 ಲಕ್ಷದ ಮಾಲು. ವರ್ಷಕ್ಕೊಂದು ಅಂಗಡಿಗೆ ಬೆಂಕಿ, ಸುಡುವುದು 5 ಲಕ್ಷದ್ದು. ಒಂದು ಬೀಜಕ್ಕೆ 2,500 ರೂಪಾಯಿ. ಎರಡನೇ ಬೆಂಚಿನವಳೇ ಕಂಪನಿ, ಡಬ್ಬಿ ಅವಳ ಮಡಿಲಲ್ಲಿ. (ಕಂಪನಿಗೆ ಬಾಡಿಗೆ, ಸಂಬಳ, ಲಾಭ ಇರುತ್ತೆ, ಅದನ್ನೆಲ್ಲ ಬಿಟ್ಟೆ.) ತಲಾ ಐದೈದು ಬೀಜ ಹಾಕಿದರು. ಚೀಟಿ ಎತ್ತಿದಾಗ ಕೊನೇ ಬೆಂಚಿನವನ ಅಂಗಡಿ ಸುಟ್ಟಿತು. 200 ಬೀಜ ಬಾಚಿಕೊಂಡ. 5 ಲಕ್ಷ, ಸರಿಹೋಯಿತು.

"ಈ ವರ್ಷ ಎಲ್ಲರೂ 12 ಲಕ್ಷಕ್ಕೆ ಮಾತ್ರ ಪಾಲಿಸಿ ಮಾಡಿಸಿ" ಅಂದೆ. ಐದರ ಬದಲು ಮೂರೇ ಬೀಜ. ಖುಷಿಯೋ ಖುಷಿ. ಮತ್ತೆ ಚೀಟಿ ಎತ್ತಿದೆವು. ಸುಟ್ಟ ಅಂಗಡಿಯವಳು ಕೈ ಚಾಚಿದಳು. ಕಂಪನಿ ಎಣಿಸಿತು, ಇನ್ನೊಂದು ಸಲ ಎಣಿಸಿತು. "120 ಇದೆ ಮ್ಯಾಮ್" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಮೂರು ಲಕ್ಷ."

"ಅವರೇಜ್ ಕ್ಲಾಸ್ ಅಂದ್ರೆ ನಮ್ ಕ್ಲಾಸಾ ಮ್ಯಾಮ್?" ಎಂದು ಹಿಂದಿನಿಂದ ಒಬ್ಬ ಕೇಳಿದ. ಎಲ್ಲರೂ ನಕ್ಕರು, ಅವಳೂ.

ನಷ್ಟಕ್ಕೆ ನೇರ ಕಾರಣ ಯಾವುದೆಂದು ನೋಡುವ 'ಸಮೀಪದ ಕಾರಣ' ಎಂಬ ತತ್ವಕ್ಕೆ 2022ರ ಸೆಪ್ಟೆಂಬರ್ ಮಳೆ ಸಾಕಾಯಿತು. ಸರ್ಜಾಪುರ ರಸ್ತೆಯ ಲೇಔಟುಗಳಲ್ಲಿ ಕಾರುಗಳು ಮುಳುಗಿದ್ದವಲ್ಲ, ಆಗ. ನಿಂತ ಕಾರಿಗೆ ನೀರು ನುಗ್ಗಿದ್ದು ಒಂದು; ನೀರಿನಲ್ಲೇ ಸ್ಟಾರ್ಟ್ ಮಾಡಿ ಎಂಜಿನ್ ಜಾಮ್ ಆದದ್ದು ಇನ್ನೊಂದು. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ (ಆಡ್-ಆನ್) ಇಲ್ಲದಿದ್ದರೆ ಎರಡನೆಯದಕ್ಕೆ ಕಂಪನಿಗಳು ಸಾಮಾನ್ಯವಾಗಿ ತಕರಾರು ತೆಗೆಯುತ್ತವೆ. "ನೀರು ಬಂದಿದ್ದಕ್ಕೆ ತಾನೇ ಆಗಿದ್ದು?" ಎಂದು ಅರ್ಧ ಕ್ಲಾಸು ನನ್ನ ಮೇಲೇ ಜಗಳಕ್ಕೆ ಬಂತು. ಬೆಲ್ ಹೊಡೆದರೂ ನಿಲ್ಲಲಿಲ್ಲ.

ಈಗ ಪಾಠಕ್ಕೆ ಮೊದಲು, ಮನೆಯಲ್ಲಿರುವ ಪಾಲಿಸಿಯ ಜೆರಾಕ್ಸ್ ತನ್ನಿ, ಹೆಸರು-ನಂಬರ್ ಮುಚ್ಚಿ ಅನ್ನುತ್ತೇನೆ. ಈ ವರ್ಷ 19 ಬಂದವು. ಹೆಚ್ಚಿನವು ಸ್ಕೂಟರಿನ ಥರ್ಡ್ ಪಾರ್ಟಿ. ಗಾಡಿ ಕಳವಾದರೆ ಇದರಲ್ಲಿ ಏನೂ ಸಿಗಲ್ಲ ಎಂದಾಗ ಮೂರು ಜನ ಕಿಟಕಿಯಿಂದ ಸ್ಟ್ಯಾಂಡ್ ಕಡೆ ಬಗ್ಗಿ ನೋಡಿದರು. ಒಂದರ ಅವಧಿ ಮುಗಿದು ಮೂರು ವರ್ಷವಾಗಿತ್ತು. ಎಲ್ಲರೆದುರು ಹೇಳದೆ, ತಾರೀಖಿಗೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ ಹುಡುಗನ ಕೈಗೆ ಕೊಟ್ಟೆ. ಸಂಜೆ ಅವನ ತಾಯಿ ಫೋನ್ ಮಾಡಿದರು. "ಅಂಗಡಿದೂ ಒಂದಿದೆ ಮೇಡಂ. ಅದನ್ನೂ ಕಳಿಸ್ಲಾ?"