ನದಿ ನಕ್ಷೆ: ಕೆಳಗಿನ ಅರ್ಧ ಆಯಿತು

ನಕ್ಷೆಯ ಕೆಳಗಿನ ಅರ್ಧ ಈಗ ಒಂದು ರೂಪಕ್ಕೆ ಬಂದಿದೆ. ಮಡುಗಳಿಗೆ ನೀಲಿ, ಗಾಳಕ್ಕೆ ಮೀನು ಸಿಕ್ಕ ಜಾಗಕ್ಕೆ ಕೆಂಪು, ಪ್ರಾಣಿ ಪಕ್ಷಿ ಕಂಡಲ್ಲಿ ಹಸಿರು. ಹೊಸದಾಗಿ ಓದುತ್ತಿರುವವರಿಗೆ ಹೇಳುವುದಾದರೆ, ನಕ್ಷೆಯಲ್ಲಿರುವ ನದಿ ವನ್ಯಜೀವಿಗಳಿಗಾಗಿ ಕಾಯ್ದಿಟ್ಟ ಜಾಗ. ಮೋಟಾರು ದೋಣಿ ಇಲ್ಲ. ಗಾಳ ಹಾಕಲು ಗುರುತು ಮಾಡಿದ ಭಾಗ ಬೇರೆ ಇದೆ. ಕಯಾಕ್‌ನಲ್ಲಿ (ಹುಟ್ಟು ಹಾಕಿ ನಡೆಸುವ ಕಿರಿದಾದ ಪುಟ್ಟ ದೋಣಿ) ಹೋಗಿ ಕಂಡದ್ದನ್ನು ಬರೆದುಕೊಂಡು ಬರುತ್ತೇನೆ, ಅಷ್ಟೇ.

ಬಣ್ಣ ತುಂಬುತ್ತಾ ಹೋದಂತೆ ಕೆಂಪು ಚುಕ್ಕೆ, ಹಸಿರು ಚುಕ್ಕೆ ಹೆಚ್ಚಾಗಿ ಒಂದೇ ಕಡೆ ಬಿದ್ದವು. ಜೋರು ಹರಿವಿಗೂ ನಿಧಾನದ ನೀರಿಗೂ ನಡುವಿನ ಗೆರೆಯಲ್ಲಿ ಮೀನು ನಿಲ್ಲುತ್ತದೆ. ಅಲ್ಲಿ ಈಜುವ ಶ್ರಮ ಕಡಿಮೆ, ತಿನ್ನುವುದು ಹರಿವಿನಲ್ಲೇ ತೇಲಿ ಬರುತ್ತದೆ. ಇದು ಬಕಕ್ಕೆ, ಮಿಂಚುಳ್ಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ನಾನು ಮೀನು ಹುಡುಕುವುದನ್ನು ಬಿಟ್ಟು ಮೊದಲು ಹಕ್ಕಿ ಹುಡುಕುತ್ತೇನೆ. ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ಮರ ಕಂಡರೆ ಆಸುಪಾಸಿನಲ್ಲಿ ಮಡು ಇರಬಹುದು ಎಂದು ನೋಡುತ್ತೇನೆ. ಅವುಗಳ ಪುಕ್ಕ ಬೇಗ ನೆನೆಯುತ್ತದೆ. ಮುಳುಗಲು ಅದೇ ಅನುಕೂಲ, ಆದರೆ ಆಮೇಲೆ ಬಿಸಿಲು ಕಾಯಿಸಲೇಬೇಕು. ನೀರುನಾಯಿ ಕಣ್ಣಿಗೆ ಬೀಳುವುದು ಅಪರೂಪ. ಬಂಡೆಯ ಮೇಲಿನ ಹಿಕ್ಕೆಯಲ್ಲಿ ಮೀನಿನ ಮುಳ್ಳು, ಹುರುಪೆ ಇದ್ದರೆ ಹಸಿರು ಚುಕ್ಕೆ ಹಾಕಿಬಿಡುತ್ತೇನೆ.

ಹುಟ್ಟು ಹಾಕುವ ರೀತಿಯೂ ಬದಲಾಗಿದೆ. ಹುಟ್ಟನ್ನು ಎತ್ತರಕ್ಕೆ ಎತ್ತದೆ, ಅಡ್ಡಡ್ಡವಾಗಿ ಹಿಡಿದು ಹಾಕಿದರೆ ಸದ್ದು ಕಡಿಮೆ. ಅದಕ್ಕಿಂತ ಒಳ್ಳೆಯದು, ಮೇಲಿನಿಂದ ಸುಮ್ನೆ ತೇಲಿ ಬರುವುದು. ಹಕ್ಕಿಯ ಕಡೆಗೆ ನೇರವಾಗಿ ಕಯಾಕ್‌ನ ಮೂತಿ ತಿರುಗಿಸಬಾರದು. ಅದು ತಿನ್ನುವುದನ್ನು ನಿಲ್ಲಿಸಿ ಕತ್ತು ಎತ್ತಿತು ಅಂದರೆ ನಾವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೇವೆ. ಒಂದು ಪುಟ್ಟ ಇಳಿಜಾರು ಸಿಗುತ್ತದೆ. ಅಲ್ಲಿ ನೀರಿನ ಮೇಲೆ ಬಾಣದಂಥ ಗೆರೆ ಮೂಡಿ, ಅದರ ಚೂಪು ಕೆಳಹರಿವಿನ ಕಡೆಗಿದ್ದರೆ ಅದು ಎರಡು ಕಲ್ಲುಗಳ ನಡುವಿನ ದಾರಿ. ಚೂಪು ನಮ್ಮ ಕಡೆಗಿದ್ದರೆ ಅಡಿಯಲ್ಲಿ ಕಲ್ಲಿದೆ ಎಂದರ್ಥ. ಲೈಫ್ ಜಾಕೆಟ್ ಬಗ್ಗೆ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಗಾಳದ ಲೆಕ್ಕದಲ್ಲಿ ಹೊಸದು ಹೆಚ್ಚೇನಿಲ್ಲ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ್ದೇನೆ, ಬಿಡಿಸುವುದು ಸಲೀಸು. ಮೈಮೇಲಿನ ಲೋಳೆ ಮೀನಿಗೆ ರಕ್ಷಣೆ, ಒಣಗೈಯಲ್ಲಿ ಹಿಡಿದರೆ ಅದು ಕಿತ್ತುಬರುತ್ತದೆ. ಅದಕ್ಕೇ ಕೈ ನೆನೆಸಿಕೊಂಡು ಮುಟ್ಟುತ್ತೇನೆ. ಗಾಳ ಮುಳುಗಲೆಂದು ದಾರಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಪೂರ್ತಿ ಬಿಟ್ಟೆ. ತಳ ಕೆದಕುವ ಬಾತು, ಹಂಸಗಳು ಕಲ್ಲಿನ ಚೂರೆಂದು ನುಂಗಿ ವಿಷವಾಗಿ ಸಾಯುತ್ತವೆ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಬಿಟ್ಟ ಮೀನು ಚೇತರಿಸಿಕೊಳ್ಳುವುದು ಕಷ್ಟ. ಬಿಸಿಲೇರಿದ ಮೇಲೆ ಗಾಳದ ಕೋಲು ಮಡಚಿ ಬೈನಾಕ್ಯುಲರ್ ತೆಗೆಯುತ್ತೇನೆ. ಫೋಟೊಗೋಸ್ಕರ ಮೀನನ್ನು ನೀರಿನ ಹೊರಗೆ ಎತ್ತಿ ಹಿಡಿದು ನಿಲ್ಲುವುದು ನನಗಂತೂ ಸರಿಬರುವುದಿಲ್ಲ.

ಮೇಲಿನ ಅರ್ಧ ಬಾಕಿ ಇದೆ. ಅಲ್ಲಿ ಮಣ್ಣಿನ ಕಡಿದಾದ ದಡವಿದೆ, ಮಿಂಚುಳ್ಳಿಗಳು ಗೂಡಿಗೆ ಬಿಲ ಕೊರೆಯುವುದು ಅಂಥ ಕಡೆಯೇ. ಮರಿಗಳು ಹಾರಿದ ಮೇಲೆ ಹೋಗುತ್ತೇನೆ. ಬಿಲಗಳ ಗುರುತು ನನ್ನ ಪ್ರತಿಯಲ್ಲಿ ಮಾತ್ರ ಇರುತ್ತದೆ, ಹಂಚುವ ನಕ್ಷೆಗೆ ಹಾಕುವುದಿಲ್ಲ. ಅಷ್ಟರೊಳಗೆ ಕೆಳಗಿನ ಮಡುಗಳ ಆಳವನ್ನು ಹಗ್ಗ ಇಳಿಬಿಟ್ಟು ಅಳೆದು, ನೀಲಿಯಲ್ಲಿ ತಿಳಿ-ಗಾಢ ಮಾಡಬೇಕು.