ದಪ್ಪಗಿರೋರ ರಕ್ತದ ತುಂಬಾ ಕೊಬ್ಬೇ ಇರುತ್ತಾ?

ನಾನು ರಕ್ತದ ಸ್ಯಾಂಪಲ್ ನೋಡೋ ಲ್ಯಾಬಲ್ಲಿ ಇರೋದು ಅಂತ ಗೊತ್ತಾದ ಐದು ನಿಮಿಷಕ್ಕೆ ಈ ಪ್ರಶ್ನೆ ಬರುತ್ತೆ: "ಅಲ್ಲಾ, ದಪ್ಪಗಿರೋರ ರಕ್ತಾನೇ ಬೇರೆ ಥರ ಇರುತ್ತಂತಲ್ಲ, ಬರೀ ಕೊಬ್ಬಂತೆ, ಹೌದಾ?" ಕೇಳ್ತಾ ಕೇಳ್ತಾ ಕಣ್ಣು ಮೆಲ್ಲಗೆ ನನ್ನ ಹೊಟ್ಟೆ ಕಡೆ ಇಳಿಯುತ್ತೆ. ಹೌದು ಸ್ವಾಮಿ, ನಾನೂ ದಪ್ಪಾನೇ, ನಿಮಗೆ ಕಾಣ್ತಿರೋದು ನನಗೂ ಕನ್ನಡೀಲಿ ಕಾಣುತ್ತೆ. ಮೊದಮೊದಲು ನಗ್ತಾ ನಗ್ತಾ ವಿವರಿಸ್ತಿದ್ದೆ, ಈಗ ಸಾಕಾಗಿದೆ, ಬರೆದಿಟ್ಟುಬಿಡ್ತೀನಿ, ಮುಂದಿನ ಸಲ ಲಿಂಕ್ ಕಳಿಸಿ ಸುಮ್ಮನಾಗ್ತೀನಿ.

ಆ 'ಕೊಬ್ಬು' ಅನ್ನೋ ಪದ ಬೇರೆ. ಮೈಯಲ್ಲಿ ಸೇರೋದೂ ಅದೇ, ತಲೆಗೇರೋದೂ ಅದೇ. ಕೇಳೋರು ಎರಡನ್ನೂ ಸೇರಿಸ್ಕೊಂಡೇ ಕೇಳ್ತಾರೆ ಅಂತ ನನ್ನ ಗುಮಾನಿ.

ಉತ್ತರ ಬೇಕಲ್ವಾ, ತಗೊಳ್ಳಿ. ವ್ಯತ್ಯಾಸ ಇದೆ. ನೂರಾರು ಜನ ದಪ್ಪಗಿರೋರು, ನೂರಾರು ಜನ ತೆಳ್ಳಗಿರೋರ ರಕ್ತ ತಗೊಂಡು ಸರಾಸರಿ ನೋಡಿದ್ರೆ ದಪ್ಪಗಿರೋರಲ್ಲಿ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ಜಾಸ್ತಿ, 'ಒಳ್ಳೇ ಕೊಲೆಸ್ಟ್ರಾಲ್' ಅನ್ನೋ ಎಚ್‌ಡಿಎಲ್ ಕಮ್ಮಿ, ಯೂರಿಕ್ ಆಸಿಡ್ ಜಾಸ್ತಿ. ಇಷ್ಟು ನಿಮ್ಮ ಡಾಕ್ಟರೂ ಹೇಳ್ತಾರೆ. ಆದ್ರೆ ನಮ್ಮಂಥೋರ ಕಣ್ಣು ಹೋಗೋದು ಕೊಬ್ಬಿನ ಕಡೆಗಲ್ಲ, ಪ್ರೋಟೀನ್ ಒಡೆದಾಗ ಸಿಗೋ ಅಮೈನೊ ಆಮ್ಲಗಳ ಕಡೆಗೆ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಅಂತ ಮೂರಿದಾವೆ, ಜಿಮ್ ಹುಡುಗರು ಡಬ್ಬ ಡಬ್ಬ ತಂದು ಕಲಸಿ ಕುಡಿಯೋ ಬಿಸಿಎಎ ಅಂದ್ರೆ ಇವೇ. ಇವು ದಪ್ಪಗಿರೋರ ರಕ್ತದಲ್ಲಿ ಹೆಚ್ಚು, ಜೊತೆಗೆ ಟೈರೊಸಿನ್ ಅನ್ನೋ ಇನ್ನೊಂದು ಅಮೈನೊ ಆಮ್ಲವೂ ಹೆಚ್ಚು, ಗ್ಲೈಸಿನ್ ಅನ್ನೋದು ಮಾತ್ರ ಕಮ್ಮಿ. ಇದೇನು ನಿನ್ನೆ ಮೊನ್ನೆ ಸಿಕ್ಕಿದ ಸಮಾಚಾರ ಅಲ್ಲ, 1969ರಲ್ಲೇ ಅಮೆರಿಕದ ಸಂಶೋಧಕ ಫೆಲಿಗ್ ಮತ್ತು ಜೊತೆಯವರು ಬರೆದಿಟ್ಟಿದ್ರು. ಆಮೇಲೆ ಎಲ್ಲರೂ ಮರೆತ ಹಾಗಾಗಿ, 2009ರಲ್ಲಿ ಡ್ಯೂಕ್ ಯೂನಿವರ್ಸಿಟಿಯ ನ್ಯೂಗಾರ್ಡ್ ತಂಡ, ಅಣುಗಳನ್ನ ತೂಕದ ಮೇಲೆ ಗುರುತಿಸೋ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ನೋಡಿದಾಗ ಮತ್ತೆ ಅದೇ ಎದ್ದು ಬಂತು.

ಇಷ್ಟು ಹೇಳೋಷ್ಟರಲ್ಲಿ "ಹಾಗಾದ್ರೆ ಪ್ರೋಟೀನ್ ತಿನ್ನೋದು ನಿಲ್ಲಿಸ್ಬೇಕಾ?" ಅಂತ ಒಬ್ಬರು ಎದ್ದು ನಿಂತಿರ್ತಾರೆ. ಕೂತ್ಕೊಳ್ಳಿ. ತಿಂದಿದ್ದೊಂದೇ ಕಾರಣ ಅಲ್ಲ. ನೀರು ನಿಂತಿದೆ ಅಂದ್ರೆ ನಲ್ಲಿ ಜೋರಾಗಿ ಬಿಟ್ಟಿದಾರೆ ಅಂತಲೇ ಅಲ್ಲ, ಮೋರಿ ಕಟ್ಕೊಂಡಿದ್ರೂ ನಿಲ್ಲುತ್ತೆ. ಈ ಮೂರನ್ನ ಒಡೆದು ಬಳಸೋ ಕಿಣ್ವಗಳು ಕೊಬ್ಬಿನ ಅಂಗಾಂಶದಲ್ಲೂ ಇರ್ತವೆ, ಮೈ ಇನ್ಸುಲಿನ್ ಮಾತು ಕೇಳೋದು ಬಿಟ್ಟಾಗ ಅಲ್ಲಿ ಆ ಕೆಲಸ ನಿಧಾನ ಆಗುತ್ತೆ, ಸರಕು ರಕ್ತದಲ್ಲೇ ಉಳಿಯುತ್ತೆ. ಹೊಟ್ಟೆ ಆಪರೇಷನ್ ಮಾಡಿಸ್ಕೊಂಡು ತೂಕ ಇಳಿಸಿದೋರಲ್ಲಿ ಇವು ಇಳಿಯೋದೂ ಕಂಡಿದೆ. ಅಂದ್ರೆ ಇದು ಹುಟ್ಟಿಂದ ಬಂದ ಜಾತಕ ಅಲ್ಲ, 'ಅವನ ರಕ್ತದಲ್ಲೇ ಇದೆ' ಅಂತೀವಲ್ಲ ಆ ಅರ್ಥದಲ್ಲಂತೂ ಅಲ್ಲ.

ಈಗ ಒಂದು ಬಿಳಿ ಟ್ಯೂಬಿನ ಕಥೆ. ಒಂದಿನ ಸೆಂಟ್ರಿಫ್ಯೂಜ್ (ಟ್ಯೂಬನ್ನ ಗಿರಗಿರ ತಿರುಗಿಸಿ ರಕ್ತವನ್ನ ಪದರ ಪದರ ಮಾಡೋ ಮಷೀನು) ನಿಂತ ಮೇಲೆ ಟ್ಯೂಬುಗಳನ್ನ ಸ್ಟ್ಯಾಂಡಿಗೆ ಹಾಕ್ತಿದ್ವಿ. ಕೆಳಗೆ ಕೆಂಪು ಕಣ ಗಟ್ಟಿಯಾಗಿ ಕೂತಿರುತ್ತೆ, ಮೇಲೆ ಪ್ಲಾಸ್ಮಾ ಅನ್ನೋ ನೀರಿನಂಥ ಭಾಗ, ತಿಳಿ ಹಳದಿ, ಬೆಳಕಿಗೆ ಹಿಡಿದ್ರೆ ಆಚೆ ಬೆರಳು ಕಾಣುತ್ತೆ. ಒಂದು ಟ್ಯೂಬಲ್ಲಿ ಮಾತ್ರ ಮೇಲೆ ಹಾಲು ಹೊಯ್ದ ಹಾಗೆ, ಬೆರಳಲ್ಲ, ಬೆಳಕೇ ದಾಟ್ತಿರಲಿಲ್ಲ. ಜೊತೆಗಿದ್ದೋನು ಅದನ್ನೆತ್ತಿ ಹಿಡಿದು "ಇದ್ಯಾರೋ ಡುಮ್ಮಣ್ಣಂದು ಬಿಡು" ಅಂದ, ಅಂದವನೇ ನನ್ನ ಮುಖ ನೋಡಿ ನಾಲಗೆ ಕಚ್ಚಿಕೊಂಡ. ನಾನೇನೂ ಹೇಳಲಿಲ್ಲ. ನಿಜ ಹೇಳ್ಬೇಕಂದ್ರೆ ನಾನೂ ಹಾಗೇ ಅಂದ್ಕೊಂಡಿದ್ದೆ, ಅದೇ ಇವತ್ತಿಗೂ ಚುಚ್ಚೋದು. ಟ್ಯೂಬ್ ಮೇಲೆ ಹೆಸರಿರಲ್ಲ, ನಂಬರ್ ಅಷ್ಟೇ. ತಿಂಗಳಾದ ಮೇಲೆ ನಂಬರ್ ಬಿಡಿಸಿ ನೋಡಿದ್ರೆ ಆಸಾಮಿ ತೆಳ್ಳಗಿನವರ ಪಟ್ಟೀಲಿದ್ದ, ಬಿಎಂಐ, ಅಂದ್ರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಬರೀ 22. ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 150 ಮಿಲಿಗ್ರಾಂ ಒಳಗಿರಬೇಕು ಅಂತಾರೆ, ಪ್ಲಾಸ್ಮಾ ಹಾಲಾಗ್ಬೇಕಂದ್ರೆ ಅದರ ಎಷ್ಟೋ ಪಟ್ಟು ಏರಿರಬೇಕು.

ನೀವು ಕೇಳ್ಬೇಕಾಗಿದ್ದ ಪ್ರಶ್ನೆ ಇಲ್ಲಿದೆ ನೋಡಿ. ಒಂದೇ ತೂಕದ ಇಬ್ಬರ ರಕ್ತ ಯಾಕೆ ಬೇರೆ ಬೇರೆ? ಇದನ್ನ ಯಾರೂ ಕೇಳಲ್ಲ, ಕೇಳಿದ್ರೆ ಇಡೀ ಸಾಯಂಕಾಲ ಕೂತು ಹೇಳ್ತೀನಿ. 2019ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಅಳೆದ ಮೆಟಬೊಲೈಟುಗಳಲ್ಲಿ (ಮೈ ಒಳಗಿನ ರಾಸಾಯನಿಕ ಕ್ರಿಯೆಗಳಲ್ಲಿ ಹುಟ್ಟೋ ಸಣ್ಣ ಅಣುಗಳು) ಹತ್ತಿರಹತ್ತಿರ ಮೂರನೇ ಒಂದು ಭಾಗ ಬಿಎಂಐ ಜೊತೆ ಏರುಪೇರಾಗಿದ್ದವು, ಸರಿ, ಅದು ನಿಮ್ಮ ಪ್ರಶ್ನೆಗೆ ಉತ್ತರ. ಆದ್ರೆ ಅದರಲ್ಲೇ ದಪ್ಪಗಿದ್ದೂ ತೆಳ್ಳಗಿನವರ ಥರ ರಕ್ತ ಇರೋರು, ತೆಳ್ಳಗಿದ್ದೂ ದಪ್ಪಗಿನವರ ಥರ ರಕ್ತ ಇರೋರು ಇಬ್ಬರೂ ಸಿಕ್ಕಿದ್ರು. ಬಿಎಂಐ ಒಂದೇ ಇದ್ರೂ ರಕ್ತದ ಲೆಕ್ಕ ಕೆಟ್ಟೋರಿಗೆ ಹೃದಯದ ತೊಂದರೆ 2ರಿಂದ 5 ಪಟ್ಟು ಹೆಚ್ಚು ಕಂಡಿತ್ತು. 2011ರಲ್ಲಿ, ಅಮೆರಿಕದ ಒಂದೇ ಊರಿನ ಜನರ ಆರೋಗ್ಯವನ್ನ ದಶಕಗಟ್ಟಲೆ ಗಮನಿಸ್ತಾ ಬಂದ ಫ್ರೇಮಿಂಗ್‌ಹ್ಯಾಮ್‌ ಅಧ್ಯಯನದ ಜನರ ಹಳೇ ಸ್ಯಾಂಪಲ್ ತೆಗೆದು ನೋಡಿದಾಗಲೂ ಅಷ್ಟೇ, ಮೇಲೆ ಹೇಳಿದ ಬಿಸಿಎಎ ಮೂರು, ಟೈರೊಸಿನ್, ಫಿನೈಲ್‌ಅಲನಿನ್, ಈ ಐದು ಅಮೈನೊ ಆಮ್ಲ ಹೆಚ್ಚಿದ್ದೋರಿಗೆ ಮುಂದೆ ಶುಗರ್ ಬರೋ ಸಾಧ್ಯತೆ ಹೆಚ್ಚಿತ್ತು, ಕೆಲವರಲ್ಲಿ ಶುಗರ್ ಬರೋಕೆ 12 ವರ್ಷ ಮೊದಲೇ ಈ ಸುಳಿವು ರಕ್ತದಲ್ಲಿತ್ತು. ತೂಕ ಹೊಂದಿಸಿ ಹೋಲಿಸಿದ್ರೂ ಆ ಸುಳಿವು ಅಳಿಸಿಹೋಗಲಿಲ್ಲ.

ಇದರರ್ಥ ದಪ್ಪ ಇದ್ರೆ ಏನೂ ಆಗಲ್ಲ ಅಂತಲ್ಲ. ನನ್ನ ರಿಪೋರ್ಟೇನೂ ನೇತುಹಾಕೋ ಹಾಗಿಲ್ಲ, ಅದು ನನ್ನ ಮತ್ತು ನನ್ನ ಡಾಕ್ಟರ ವಿಷಯ, ಬಿಡಿ.

ಆ ಹಾಲಿನ ಟ್ಯೂಬಿನವರಿಗೆ ಫೋನ್ ಮಾಡಿ, ಡಾಕ್ಟರ್ ಹತ್ರ ಹೋಗ್ಬೇಕು ಸರ್, ಅಂತ ತಿಳಿಸಿದೋನು ನಾನೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟ್ಯೂಬ್ ಅದಲುಬದಲು ಆಗಿರ್ಬೇಕು ನೋಡಿ, ಆವತ್ತು ನನ್ನ ಪಕ್ಕದಲ್ಲಿ ಒಬ್ಬರು ದಪ್ಪಗಿರೋರು ಕೂತಿದ್ರು" ಅಂದ್ರು. ವಾರದ ಮೇಲೆ ಹನ್ನೆರಡು ಗಂಟೆ ಉಪವಾಸ ಇದ್ದು ಬಂದ್ರು, ಮತ್ತೆ ರಕ್ತ ತೆಗೆದ್ವಿ. ಸೆಂಟ್ರಿಫ್ಯೂಜ್ ನಿಂತಾಗ ಮತ್ತೆ ಹಾಲೇ.